ಹೂವಿಗೆ ತಂಪು ಸಾಕು
ಬಟವಾಡಿಯಲ್ಲಿ ಅಮ್ಮ ಹೂ ಮಾರುತ್ತಿದ್ದಳು. ನಾನು ಡಿಗ್ರಿ ಓದುತ್ತಿದ್ದಾಗ ಒಂದು ರಾತ್ರಿ, ಮಾರಾಟವಾಗದೆ ಉಳಿದ ಹತ್ತು ಮಾರು ಕಾಕಡಕ್ಕೆ ಚೊಂಬು ನೀರು ಸುರಿದು, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಎಲ್ಲವೂ ಕಂದಿ ಅಂಟಂಟಾಗಿತ್ತು. ಸಾಲದಲ್ಲಿ ತಂದ ಹೂ. ಅಮ್ಮ ಬೈಯಲಿಲ್ಲ. ನನ್ನ ಪರೀಕ್ಷೆ ಫೀಸಿಗೆಂದು ಕೂಡಿಟ್ಟ ಡಬ್ಬಿ ತೆಗೆದು ಮಂಡಿಯವರ ಬಾಕಿ ತೀರಿಸಿದಳು.

‘ಹೂವಿಗೆ ತಂಪು ಸಾಕು ಕಣೋ, ಸ್ನಾನ ಬೇಡ’ ಅಂದಳು. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಬುಟ್ಟಿಗೆ ಬಾಳೆಎಲೆ ಹಾಸಿ, ಗಾಳಿಯಾಡುವಂತೆ ಮುಚ್ಚುವುದನ್ನು ಅಂದೇ ಕಲಿಸಿದಳು. ಬಾಳೆಹಣ್ಣಿನ ಪಕ್ಕ ಹೂ ಇಡಲು ಬಿಡುತ್ತಿರಲಿಲ್ಲ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆಂದು ನಾನು ಓದಿದ್ದು ಎಷ್ಟೋ ದಿನಗಳ ನಂತರ.

ಈಗ ಯಾರಾದರೂ ಗುಲಾಬಿ ಕೊಟ್ಟರೆ ಕಾಂಡದ ತುದಿಯನ್ನು ಓರೆಯಾಗಿ ಕತ್ತರಿಸಿ, ದಿನಾ ನೀರು ಬದಲಿಸುತ್ತೇನೆ. ಆ ಡಬ್ಬಿ ನೆನಪಾಗುತ್ತದೆ.