ಲಿನಕ್ಸ್ ಮನೇಲಿ ವಿಂಡೋಸ್‌ಗೆ ಒಂದು ರೂಮು (ಭಾಗ 4)

ನಮ್ಮ ಕ್ಲಾಸಲ್ಲಿ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕೊಂಡವರು ನಾಲ್ಕು ಜನ ಇದೀವಿ. ವಿಂಡೋಸ್ 11 ನಮ್ಮ ಪ್ರೊಸೆಸರ್‌ನ ಒಪ್ಪಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹೊಸದು ತಗೊಳ್ಳೋಕೆ ದುಡ್ಡಿಲ್ಲ, ಅಷ್ಟೇ ಕಥೆ. ಹೋದ ಭಾಗ ಓದಿದವರೆಲ್ಲ ಕೇಳಿದ್ದು ಒಂದೇ: "ವಿಂಡೋಸ್ ಬ್ರೌಸರೇ ಬೇಕು ಅಂತ ಹಠ ಹಿಡಿಯೋ ಪೇಜ್ ಬಂದ್ರೆ?"

ನನಗೆ ಬಂತು. ಚಿಕ್ಕಪ್ಪನ ಕಿರಾಣಿ ಅಂಗಡಿ ಸಿಸಿಟಿವಿ ರೂಪದಲ್ಲಿ.

ಗಲ್ಲಾದಲ್ಲಿ 2,000 ರೂಪಾಯಿ ಕಮ್ಮಿ. ಅನುಮಾನ ನೇರ ಹೋಗಿದ್ದು ಅಂಗಡಿ ಹುಡುಗನ ಮೇಲೆ. ಅವನಿಗೂ ನನ್ನದೇ ವಯಸ್ಸು. "ನಾಳೆಯಿಂದ ಬರಬೇಡ" ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು. ಅವನು ಜಗಳ ಆಡಲಿಲ್ಲ, "ಕ್ಯಾಮೆರಾ ನೋಡಿ" ಅಂದ, ಅಷ್ಟೇ. ಆದರೆ ಅಂಗಡಿ ಮಾನಿಟರ್ ಮಳೆಗಾಲದಲ್ಲೇ ಸತ್ತಿದೆ, ಮೊಬೈಲ್ ಆ್ಯಪ್‌ನಲ್ಲಿ ಲೈವ್ ಮಾತ್ರ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೇದನ್ನ ಅಳಿಸಿ ಹೊಸದು ಬರೆಯುತ್ತೆ. ನಮ್ಮದರಲ್ಲಿ ಉಳಿಯೋದು ಸುಮಾರು ಹತ್ತು ದಿನ, ಆಗಲೇ ಏಳು ದಿನ ಕಳೆದಿತ್ತು.

ಫೈರ್‌ಫಾಕ್ಸ್‌ನಲ್ಲಿ ಡಿವಿಆರ್ ಪೇಜ್ ತೆರೆದೆ. "ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸಿ" ಅಂತು! ಅದು 2022ರ ಜೂನ್ 15ಕ್ಕೇ ನಿವೃತ್ತಿ ಆಗಿದೆ. ತೊಂದರೆ ಎಲ್ಲಿ ಅಂದ್ರೆ, ಇಂಥ ಹಳೇ ಡಿವಿಆರ್‌ಗಳು ವಿಡಿಯೋ ತೋರಿಸೋದು ಆ್ಯಕ್ಟಿವ್‌ಎಕ್ಸ್ ಅನ್ನೋ ಪ್ಲಗಿನ್‌ನಿಂದ. ಅದು ವಿಂಡೋಸ್‌ಗೆ ಅಂತಲೇ ಮಾಡಿದ್ದು. "ನಾನೇ ಎಕ್ಸ್‌ಪ್ಲೋರರ್" ಅಂತ ಫೈರ್‌ಫಾಕ್ಸ್ ಕೈಲಿ ಸುಳ್ಳು ಹೇಳಿಸಿದರೆ ಲಾಗಿನ್ ಪೇಜ್ ಬರಬಹುದು, ವಿಡಿಯೋ ಬರಲ್ಲ. ಎಡ್ಜ್‌ಗೆ ಲಿನಕ್ಸ್ ಆವೃತ್ತಿ ಇದೆ, ಆದರೆ ಅದರಲ್ಲಿ ಐಇ ಮೋಡ್ ಇಲ್ಲ.

ಮೊದಲ ದಾರಿ ವೈನ್. ಕುಡಿಯೋದಲ್ಲ, 1993ರಲ್ಲಿ ಶುರುವಾದ ಸಾಫ್ಟ್‌ವೇರ್ 😄 ವಿಂಡೋಸ್ ಪ್ರೋಗ್ರಾಂ ಕೇಳೋದನ್ನ ಲಿನಕ್ಸ್‌ಗೆ ಅರ್ಥ ಆಗೋ ಹಾಗೆ ಹೇಳೋ ದುಭಾಷಿ ಇದ್ದಂಗೆ. ಹಗುರ, ಫ್ರೀ. ಆದರೆ ವೈನ್ ಒಳಗಿನ ಎಕ್ಸ್‌ಪ್ಲೋರರ್ ಅಸಲಿ ಅಲ್ಲ, ಫೈರ್‌ಫಾಕ್ಸ್‌ನ ಗೆಕೋ ಎಂಜಿನ್ ಮೇಲೆ ಕಟ್ಟಿದ ಬದಲಿ. ಪೇಜ್ ಬಂತು, ವಿಡಿಯೋ ಜಾಗ ಪೂರ್ತಿ ಕಪ್ಪು.

ಎರಡನೇದು ವರ್ಚುವಲ್‌ಬಾಕ್ಸ್. ಇದು ದುಭಾಷಿ ಅಲ್ಲ, ಮನೇಲಿ ಒಂದು ರೂಮ್ ಬಿಟ್ಟುಕೊಟ್ಟು ವಿಂಡೋಸನ್ನೇ ಕರೆದು ಕೂರಿಸಿದ ಹಾಗೆ. ಬಾಡಿಗೆ ಮಾತ್ರ ನಾವೇ ಕಟ್ಟಬೇಕು: ನನ್ನ 8 ಜಿಬಿ ರ್‍ಯಾಮ್‌ನಲ್ಲಿ 4, ಡಿಸ್ಕಲ್ಲಿ 40 ಜಿಬಿ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು, ಇಲ್ಲಾಂದ್ರೆ ಶುರುವೇ ಆಗಲ್ಲ. ಒಳಗೆ ವಿಂಡೋಸ್ 10, ಅದರ ಎಡ್ಜ್‌ನಲ್ಲಿ ಸೆಟ್ಟಿಂಗ್ಸ್, ಡೀಫಾಲ್ಟ್ ಬ್ರೌಸರ್, ಅಲ್ಲಿ ಐಇ ಮೋಡ್‌ಗೆ ಅನುಮತಿ. ಆ ಪಟ್ಟಿಗೆ ಡಿವಿಆರ್ ವಿಳಾಸ ಸೇರಿಸಿ, ಪ್ಲಗಿನ್ ಹಾಕಿ ರೀಲೋಡ್ ಮಾಡಿದೆ. ರಾತ್ರಿ ಹನ್ನೊಂದೂವರೆಗೆ ಅಂಗಡಿ ಕಾಣಿಸ್ತು.

ಆ ದಿನ ಸಂಜೆ 6.40. ಹಾಲಿನ ಗಾಡಿಯವರು ನಿಂತಿದಾರೆ. ಚಿಕ್ಕಪ್ಪನೇ ಗಲ್ಲಾ ತೆಗೆದು ನಾಲ್ಕು ನೋಟು ಎಣಿಸಿ ಕೊಡ್ತಿದಾರೆ. ಹುಡುಗ ಹಿಂದೆ ಅಕ್ಕಿ ತೂಗ್ತಿದಾನೆ. ಬೆಳಗ್ಗೆ ಹಾಲಿನವರಿಗೆ ಫೋನ್ ಮಾಡಿದ್ವಿ, "ಹೌದು, ಎರಡು ಸಾವಿರ ಬಂದಿದೆ" ಅಂದ್ರು.

ಚಿಕ್ಕಪ್ಪ ಅವತ್ತು ಹುಡುಗನ ಹತ್ರ ಜಾಸ್ತಿ ಮಾತಾಡಲಿಲ್ಲ. ಟೀ ತರಿಸಿ, ಅವನ ಲೋಟ ತಾವೇ ಕೈಗೆ ಕೊಟ್ಟರು. ಈಗ ಗಲ್ಲಾ ಪಕ್ಕ ಒಂದು ವೋಚರ್ ಪುಸ್ತಕ ಇದೆ. ಯಾರೇ ದುಡ್ಡು ತೆಗೆದರೂ ಬರೆದು ಸಹಿ ಹಾಕಬೇಕು, ಓನರ್ ಕೂಡ. ಫಸ್ಟ್ ಸೆಮ್‌ನಲ್ಲಿ ಬೋರ್ ಅಂತ ಓದಿದ ಕ್ಯಾಶ್ ವೋಚರ್ ಇದೇ ನೋಡಿ.

ನೀವು ಮಾಡೋದಾದ್ರೆ ಮೂರು ಮಾತು. ಸಾಧಾರಣ ಸೈಟ್‌ಗೆ ಇಷ್ಟೆಲ್ಲ ಬೇಡ, ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಲಿನಕ್ಸ್‌ಗೇ ಸಿಗುತ್ತವೆ. ವರ್ಚುವಲ್ ಆದರೂ ವಿಂಡೋಸ್‌ಗೆ ಲೈಸೆನ್ಸ್ ಬೇಕು, ಕ್ರ್ಯಾಕ್ ಹಾಕಬೇಡಿ. ಸಪೋರ್ಟ್ ಮುಗಿದ ವಿಂಡೋಸ್ ಒಳಗೆ ಬ್ಯಾಂಕು, ಇಮೇಲ್ ತೆರೆಯಬೇಡಿ. ಕೆಲಸ ಮುಗಿದ ಮೇಲೆ ಆ ರೂಮಿಗೆ ಬೀಗ.

ಬಯೋಸ್ ಸೆಟ್ಟಿಂಗ್ ಸಿಗದವರು ಲ್ಯಾಪ್‌ಟಾಪ್ ಮಾಡೆಲ್ ಕಮೆಂಟ್ ಮಾಡಿ, ಒಟ್ಟಿಗೆ ಹುಡುಕೋಣ.

#ಲಿನಕ್ಸ್‌ಕನ್ನಡ #ಹಳೇಲ್ಯಾಪ್‌ಟಾಪ್ #ಬಿಕಾಂಹುಡುಗರು