ಡಾಕ್ಟರ್ ಸಾಹೇಬರ ಕಿಡಿ

ಆಪಾಳ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರುತ್ತೇನೆಂದು ಹಟ ಹಿಡಿದಿದ್ದಳು. "ಐದಾರು ವರ್ಷ ಓದಿ ಆಮ್ಯಾಲ ಏನ್ ಮಾಡ್ತಾಳ? ನೀನಾರ ಬುದ್ಧಿ ಹೇಳು" ಎಂದು ಆಪಾ ನನ್ನ ಬೆನ್ನುಬಿದ್ದಳು. ಕಥೆ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಆ ವಿಷಯದಲ್ಲಿ ಡಾಕ್ಟರೇಟ್ ಪಡೆದವರೆಂದರೆ ನನಗೆ ಗೊತ್ತಿದ್ದವರು ಒಬ್ಬರೇ. ನಮ್ಮ ಗಲ್ಲಿಯವರು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಅವರ ಬಳಿ ಹೋಗಲು ನನಗೆ ಮುಖವಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅವರನ್ನೇ ಇಟ್ಟುಕೊಂಡು ಒಂದು ಕಥೆ ಬರೆದಿದ್ದೆ. ಹೆಸರು, ಊರು ಬದಲಿಸಿದ್ದೆ. ಕೊನೆಯಲ್ಲಿ ನಾಯಕ ಪದವಿಪತ್ರವನ್ನು ಟ್ರಂಕಿನಲ್ಲಿಟ್ಟು, ಟಿಫಿನ್ ಡಬ್ಬಿ ಹಿಡಿದು, ಕಣ್ಣೀರು ಒರೆಸಿಕೊಳ್ಳುತ್ತಾ ಕಂಪನಿ ಬಸ್ಸು ಹತ್ತುತ್ತಾನೆ. ಓದುಗರಿಂದ ಮೆಚ್ಚುಗೆಯ ಪತ್ರಗಳು ಬಂದವು. ಅವರೂ ಓದಿದ್ದರು. ಮಸೀದಿಯ ಮೆಟ್ಟಿಲ ಬಳಿ ಸಿಕ್ಕಾಗ, "ಭಾಯ್, ನನ್ನ ಕಣ್ಣೀರು ಎಲ್ಲಿ ಕಂಡ್ರಿ?" ಎಂದಷ್ಟೇ ಕೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಆದರೂ ಒಂದು ಶನಿವಾರ ಹುಡುಗಿಯನ್ನು ಕರೆದುಕೊಂಡು ಹೊರಟೆ. ಬೆಳಗಾವಿ ದಿಕ್ಕಿನ ಹೆದ್ದಾರಿಯಲ್ಲಿ ಹೈಕೋರ್ಟ್ ಪೀಠ, ಪಕ್ಕದಲ್ಲೇ ವಾಲ್ಮಿ ಆವರಣ. 2016ರಲ್ಲಿ ಧಾರವಾಡದ ಐಐಟಿ ಶುರುವಾದದ್ದು ಅಲ್ಲಿಯೇ. ಈಗ ಚಿಕ್ಕಮಲ್ಲಿಗವಾಡದ ಸ್ವಂತ ಜಾಗಕ್ಕೆ ಹೋಗಿದೆ. ಹುಡುಗಿ ಆ ಗೇಟನ್ನು ಕಣ್ಣು ಮರೆಯಾಗುವವರೆಗೂ ನೋಡಿದಳು.

ಡಾಕ್ಟರ್ ಸಾಹೇಬರದು ಪುಟ್ಟ ಎ.ಸಿ. ಕೋಣೆ. ಕುಲುಮೆಯಿಂದ ಹುಡುಗನೊಬ್ಬ ನಾಣ್ಯದಂಥ ಕಬ್ಬಿಣದ ಬಿಲ್ಲೆ ತಂದುಕೊಟ್ಟ. ಅದರ ಮುಖ ಉಜ್ಜಿ ಯಂತ್ರದ ಮೇಲಿಟ್ಟು ಗುಂಡಿ ಒತ್ತಿದರು. ಚಟಚಟ ಕಿಡಿ. ಆ ಕಿಡಿಯ ಬೆಳಕನ್ನು ಯಂತ್ರ ಗೆರೆಗೆರೆಯಾಗಿ ಸೀಳುತ್ತದೆ; ಪ್ರತಿ ಧಾತುವಿಗೂ ಅದರದೇ ಗೆರೆಗಳು. ಇಂಗಾಲದ ಗೆರೆಯೊಂದು 193 ನ್ಯಾನೊಮೀಟರಿನಲ್ಲಿ, ಕಣ್ಣಿಗೆ ಕಾಣದ ಕಡೆ. ಗಾಳಿಯ ಆಮ್ಲಜನಕ ಆ ಬೆಳಕನ್ನು ನುಂಗಿಬಿಡುತ್ತದೆ, ಅದಕ್ಕೇ ಆರ್ಗಾನ್ ಅನಿಲ ಹರಿಸುತ್ತಾರೆ. ಒಂದು ನಿಮಿಷದೊಳಗೆ ಪರದೆಯ ಮೇಲೆ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್ ಎಷ್ಟೆಷ್ಟೆಂದು ಅಂಕಿಗಳು. ಅಲ್ಲಿಯವರೆಗೆ ಕರಗಿದ ಕಬ್ಬಿಣ ಕುಲುಮೆಯಲ್ಲಿ ಇವರ ಮಾತಿಗಾಗಿ ಕಾಯುತ್ತಿರುತ್ತದೆ.

"ನನ್ನ ಥೀಸಿಸ್ಸೂ ಗೆರೆಗಳ ಮ್ಯಾಲೇ ಇತ್ತವಾ" ಎಂದರು ಹುಡುಗಿಗೆ.

ಸಮಾಧಾನ ಹೇಳುವ ಚಟ ನನಗೆ. ಸಿ.ವಿ. ರಾಮನ್ ಕೂಡ 1907ರಿಂದ ಹತ್ತು ವರ್ಷ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿದ್ದರಲ್ಲ ಎಂದೆ. ಅವರು ನಕ್ಕರು. "ರಾಮನ್ ಸಾಹೇಬರಿಗೆ ಕಲ್ಕತ್ತಾದಾಗ ಸಂಜಿಗೊಂದು ಪ್ರಯೋಗಾಲಯ ಇತ್ತು ಭಾಯ್. ನನ್ನ ಸಂಜಿ ಶಿಫ್ಟಿಗೆ ಹೋಗತೈತಿ."

ಆಮೇಲೆ ಮೆಲ್ಲಗೆ ಹೇಳಿದರು. ಡಾಕ್ಟರೇಟ್ ಆದ ಮೇಲೆ ಏಳು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ರಜೆಯ ತಿಂಗಳಿಗೆ ಸಂಬಳವಿಲ್ಲ. ಪ್ರತಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ. ಏಳು ವರ್ಷ ಉಳಿದವನನ್ನೂ ಯಾರೂ ಮನೆಯವನೆನ್ನಲಿಲ್ಲ. "ನೀವು ಕಣ್ಣೀರು ತಪ್ಪು ಜಾಗದಾಗ ಇಟ್ರಿ. ಬಸ್ ಹತ್ತುವಾಗಲ್ಲ, ಆ ಏಳು ವರ್ಷದಾಗ ಇಡಬೇಕಿತ್ತು. ಇಲ್ಲಿ ಸಂದರ್ಶನದಾಗ ಡಿಗ್ರಿ ಕೇಳಲೇ ಇಲ್ಲ. ಯಂತ್ರ ಕೆಟ್ಟರ ಬಿಚ್ಚಾಕ ಬರತೈತೇನು ಅಂತ ಕೇಳಿದರು. ಬರತಿತ್ತು."

ಹುಡುಗಿಗೆ ಅವರು ಉಪದೇಶ ಮಾಡಲಿಲ್ಲ, ಪ್ರಶ್ನೆ ಹಾಕಿದರು. ನಿನ್ನ ಗೈಡಿನ ಹಿಂದಿನ ಐದು ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ನಡುವೆ ಬಿಟ್ಟುಹೋದವರನ್ನು ಮಾತಾಡಿಸಿದ್ದೀಯಾ? ಊಟಕ್ಕೆ ದುಡ್ಡು ಎಲ್ಲಿಂದ? ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಆ ಹೆಸರು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಉಳಿದ ದೊಡ್ಡ ದಾರಿ ನೆಟ್ ಪರೀಕ್ಷೆಯ ಜೆಆರ್‌ಎಫ್. 2023ರ ಜನವರಿಯಿಂದ ಅದು ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿಗೆ ಏರಿತು. ಐದು ವರ್ಷಕ್ಕೆ ಅದು ಮುಗಿಯುತ್ತದೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಆರು ವರ್ಷದವರೆಗೆ ಅವಕಾಶವಿದೆ. "ಆರನೇ ವರ್ಷ ನಿಮ್ಮಮ್ಮಿಯ ಹೊಲಿಗಿ ಮಷೀನಿನ ಮ್ಯಾಲ ಬೀಳತೈತಿ. ಐದರಾಗ ಮುಗಿಸು."

ಪ್ರಯೋಗಾಲಯದ ಪಂಪು ಕೆಟ್ಟರೆ ಮೆಕ್ಯಾನಿಕ್ಕನಿಗೆ ಫೋನು ಮಾಡದೆ ತಾನೇ ಬಿಚ್ಚಬೇಕಂತೆ, ಬೆಸುಗೆ ಕಲಿಯಬೇಕಂತೆ, ಕಂಪ್ಯೂಟರ್ ಪ್ರೋಗ್ರಾಂ ಬರೆಯಬೇಕಂತೆ. ಮೇಷ್ಟ್ರ ಕೆಲಸವೊಂದನ್ನೇ ನಂಬಬಾರದು. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವಿಕಿರಣದ ಅಳತೆ ನೋಡಲು ಭೌತಶಾಸ್ತ್ರಜ್ಞರು ಬೇಕು, ಆದರೆ ಅದಕ್ಕೆ ವಿಕಿರಣ ಭೌತಶಾಸ್ತ್ರದ ಬೇರೆಯೇ ಡಿಪ್ಲೊಮಾ ಆಗಬೇಕು, ಪಿಎಚ್.ಡಿ. ಒಂದೇ ಸಾಲದು. ಇದು ಅವಳಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಇಲ್ಲ.

"ಅಂಕಲ್, ನಾನೊಂದು ಕಿಡಿ ಹಾರಿಸಲಾ?" ಎಂದಳು. ಬಿಲ್ಲೆಯನ್ನು ಉಜ್ಜಿಸಿದರು. ಒಮ್ಮೆ ಓರೆಯಾಯಿತು, ಮತ್ತೆ ಉಜ್ಜಿಸಿದರು. ಅಂಕಿ ಬಂದ ಮೇಲೆ ಕುಲುಮೆಗೆ ಫೋನು ಮಾಡಿ, ಸಿಲಿಕಾನ್ ಸ್ವಲ್ಪ ಕಡಿಮೆ ಇದೆ, ಹಾಕ್ರಿ ಎಂದರು.

ಮರಳಿ ಬರುವಾಗ ಹುಡುಗಿ ನೋಟುಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು. ಆಪಾಳಿಗೆ ಹೇಳಿದೆ: ಸೇರಲಿ, ಆದರೆ ಫೆಲೋಶಿಪ್ ಬಂದ ಮೇಲೆ. ಆಪಾ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಪರೀಕ್ಷೆಯ ಫೀಸು ಎಷ್ಟೆಂದು ಕೇಳಿದಳು.

ಡಾಕ್ಟರ್ ಸಾಹೇಬರು ಗೇಟಿನವರೆಗೆ ಬಂದು ಬೀಳ್ಕೊಟ್ಟಿದ್ದರು. "ಆ ಕಥಿ ಪುಸ್ತಕ ಮಾಡುವಾಗ ಕಡೀ ಪುಟ ತಿದ್ದರಿ ಭಾಯ್. ನಮ್ಮ ಕಂಪನಿ ಬಸ್ಸಿನಾಗ ಸೀಟು ಸಿಗೂದಿಲ್ಲ, ನಿಂತೇ ಬರಬೇಕು. ಬರೆಯೂದಿದ್ದರ ಅದನ್ನ ಬರೀರಿ."