ಊರಿಗೆ ಎಷ್ಟು ಗಂಟೆ?

ದಿಲ್ಲಿಯಲ್ಲಿ ಯಾರಾದರೂ ನಿಮ್ಮ ಸೀಮೆ ಎಷ್ಟು ದೂರವೆಂದು ಕೇಳಿದರೆ ನಾವು ಕನ್ನಡಿಗರು ಹಿಂದೆ ‘ಎರಡು ರಾತ್ರಿ’ ಎನ್ನುತ್ತಿದ್ದೆವು. ಈಗ ‘ಎರಡೂಮುಕ್ಕಾಲು ಗಂಟೆ’ ಎನ್ನುತ್ತೇವೆ. ಹಾಗೆನ್ನುವಾಗ ದನಿಯಲ್ಲಿ ತುಸು ಜಂಬವೂ ಇರುತ್ತದೆ, ವಿಮಾನವನ್ನು ನಾವೇ ಹಾರಿಸಿಕೊಂಡು ಹೋದವರಂತೆ!

ಗುಮಾಸ್ತನಾದವನಿಗೆ ಲೆಕ್ಕ ತಾಳೆ ನೋಡದೆ ಸಮಾಧಾನವಿಲ್ಲ. ದಿಲ್ಲಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 1,740 ಕಿಲೋಮೀಟರು. ಕರ್ನಾಟಕ ಎಕ್ಸ್‌ಪ್ರೆಸ್ಸು ಝಾನ್ಸಿ, ಭೋಪಾಲ, ಮನಮಾಡ, ಸೊಲ್ಲಾಪುರ, ಗುಂತಕಲ್ಲು ಎಂದು ಸುತ್ತಿ ಬರುವುದರಿಂದ ಅದಕ್ಕೆ 2,400ರ ಹತ್ತಿರ. ಹೊತ್ತು ಸುಮಾರು 40 ಗಂಟೆ. ಗಂಟೆಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಎರಡು ಗಂಟೆಯ ಮೇಲೆ ಸ್ವಲ್ಪ ಸಾಕಲ್ಲವೆ? ಸಾಲದು. ವೇಳಾಪಟ್ಟಿಯ ಗಂಟೆ ಶುರುವಾಗುವುದು ವಿಮಾನ ನಿಂತಲ್ಲಿಂದ ಅಲುಗಿದಾಗ. ಮುಗಿಯುವುದು ಬೆಂಗಳೂರಿನಲ್ಲಿ ಮತ್ತೆ ನಿಂತಾಗ. ನೆಲದ ಮೇಲಿನ ತೆವಳಾಟ, ಏರಾಟ, ಇಳಿಯುವ ಸರದಿಗೆ ಸುತ್ತಾಟ ಎಲ್ಲವೂ ಅದರೊಳಗೇ ಬಂತು.

ಅದಾದರೂ ನಿಲ್ದಾಣದಿಂದ ನಿಲ್ದಾಣಕ್ಕೆ. ನಿಲ್ದಾಣದಲ್ಲಿ ಯಾರ ಮನೆಯಿದೆ? ನನ್ನ ಮನೆ ತಿಪಟೂರಿನಲ್ಲಿ. 2008ರಿಂದ ಬೆಂಗಳೂರಿನ ವಿಮಾನಗಳು ಇಳಿಯುವುದು ದೇವನಹಳ್ಳಿಯಲ್ಲಿ. ಅಲ್ಲಿಂದ ಮೆಜೆಸ್ಟಿಕ್ಕಿಗೆ ಬಸ್ಸು, ಮುಂದೆ 140 ಕಿಲೋಮೀಟರು ರೈಲು. ರಾಮಕೃಷ್ಣಪುರದ ಕ್ವಾರ್ಟರ್ಸಿಗೆ ಬೀಗ ಹಾಕಿದಲ್ಲಿಂದ ಎಣಿಸಿದರೆ 11 ಗಂಟೆ. ಹಾರಿದ್ದು ಅದರಲ್ಲಿ ಕಾಲು ಪಾಲು.

ಈ ಲೆಕ್ಕ ನಾನು ವಿನೋದಕ್ಕೆ ಹಾಕಿದ್ದಲ್ಲ. ಕಳೆದ ವರ್ಷ ಒಂದು ಸೋಮವಾರ ರಾತ್ರಿ ಹತ್ತಕ್ಕೆ ತಂಗಿಯ ಫೋನು ಬಂತು. “ಅಣ್ಣ, ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೀವಿ. ಹೊರಟುಬಿಡು” ಎಂದಳು. ರಜೆ ಪ್ರಯಾಣದ ಸವಲತ್ತಿನಲ್ಲಿ ನನ್ನ ದರ್ಜೆಯವರಿಗೆ ರೈಲೇ ಗತಿ. ಆ ರಾತ್ರಿಯ ರೈಲು ಆಗಲೇ ಹೊರಟುಹೋಗಿತ್ತು. ಕೊನೆಗಳಿಗೆಯ ವಿಮಾನ ಟಿಕೀಟಿಗೆ ಸಂಬಳದ ದೊಡ್ಡ ಪಾಲು ತೆತ್ತು, ಮಂಗಳವಾರ ಸಂಜೆ ಐದಕ್ಕೆ ಅಪ್ಪನ ಮಂಚದ ಬಳಿ ನಿಂತೆ.

“ಯಾವತ್ತು ಹೊರಟೆ ಮಗಾ?”

“ಇವತ್ತು ಬೆಳಿಗ್ಗೆ, ಅಪ್ಪ.”

“ಸುಳ್ಳು ಹೇಳಬೇಡ.”

ಅವರು ದಿಲ್ಲಿಗೆ ಬಂದದ್ದು ಒಂದೇ ಸಲ, ರೈಲಿನಲ್ಲಿ. ಮೂರು ಹೊತ್ತಿನ ಬುತ್ತಿ ಕಟ್ಟಿಕೊಂಡು ಬಂದು, ನಾಲ್ಕನೆಯ ಹೊತ್ತಿಗೂ ರೈಲು ಮುಗಿಯಲಿಲ್ಲವೆಂದು ಊರೆಲ್ಲ ಹೇಳಿಕೊಂಡಿದ್ದರು. ಬೋರ್ಡಿಂಗ್ ಪಾಸಿನ ತುಂಡು ತೋರಿಸಿದ ಮೇಲೆಯೇ ನಂಬಿದ್ದು. ಬುಧವಾರ ಗಂಜಿ ಕುಡಿದರು, ತೋಟದ ಮಾತಾಡಿದರು. ಯಾವ ಮರಕ್ಕೆ ನುಸಿ ಬಿದ್ದಿದೆ, ಯಾರಿಂದ ಬಾಕಿ ಬರಬೇಕು, ಎಲ್ಲ ಹೇಳಿದರು. ಗುರುವಾರ ಮಾತು ಕಡಿಮೆಯಾಯಿತು. ಶುಕ್ರವಾರ ಬೆಳಗಿನ ಜಾವ ಹೋದರು. ರೈಲಿನಲ್ಲಿ ಬಂದಿದ್ದರೆ ನಾನು ತಲುಪುತ್ತಿದ್ದುದು ಗುರುವಾರ ಸಂಜೆ. ಬುಧವಾರವೊಂದು ನನಗೆ ಹೆಚ್ಚಾಗಿ ಸಿಕ್ಕಿತು; ಟಿಕೀಟಿನ ಬೆಲೆ ಜಾಸ್ತಿಯಾಯಿತೆಂದು ಆಮೇಲೆ ಅನ್ನಿಸಲಿಲ್ಲ.

ಕರ್ಮಾಂತರಗಳು ಮುಗಿದು ಹೊರಟಾಗ ಅಮ್ಮ ನಮ್ಮ ತೋಟದ ಉಂಡೆ ಕೊಬ್ಬರಿಯನ್ನು ಚೀಲದಲ್ಲಿ ತುಂಬಿಟ್ಟಳು. ಅಪ್ಪ ಅಟ್ಟಕ್ಕೇರಿಸಿದ್ದ ಕೊನೆಯ ಕಾಯಿಗಳು. ವಿಮಾನದಲ್ಲಿ ಒಣಕೊಬ್ಬರಿ ಒಯ್ಯಗೊಡರು. ಎಣ್ಣೆಯ ಪದಾರ್ಥ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದೆಂಬ ಭಯ. ಅಮ್ಮನಿಗೆ ಅದನ್ನೆಲ್ಲ ಹೇಳಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತಳ್ಳಿ ಮಲಗಿದೆ. ಗುಂತಕಲ್ಲು ದಾಟಿದ್ದು ತಿಳಿಯಲಿಲ್ಲ.